ಬರೋ ಕೆಲ್ಸಾನ ನಾಲ್ಕು ಜನಕ್ಕೆ ಬಿಟ್ಟಿ ಹೇಳ್ಕೊಡೋದು ಹೆಂಗೆ

ನಮ್ದು ಮೂಡಿಗೆರೆ ತಾಲ್ಲೂಕು. ನಾಲ್ಕು ಎಕರೆ ಕಾಫಿ, ನೆರಳಿಗಿರೋ ಸಿಲ್ವರ್ ಮರಕ್ಕೆಲ್ಲ ಕಾಳುಮೆಣಸು ಹಬ್ಬಿಸಿದೀವಿ, ಅದು ಬಿಟ್ರೆ ಹೇಳ್ಕೊಳ್ಳೋ ಅಂಥದ್ದೇನಿಲ್ಲ. ಮಳೆ ಹಿಡಿದ ಮೇಲೆ ಭಾನುವಾರ ಬೆಳಿಗ್ಗೆ ನಮ್ಮನೆ ಕಡೆ ಬಂದ್ರೆ ಕಣದ ಪಕ್ಕದ ಶೆಡ್ಡಲ್ಲಿ ನಾಲ್ಕೈದು ಜನ ಬ್ಲೇಡು, ಟೇಪು ಹಿಡ್ಕೊಂಡು ತಲೆ ಬಗ್ಗಿಸಿ ಕೂತಿರ್ತಾರೆ. ಹಿಪ್ಪಲಿ ಗಿಡಕ್ಕೆ ಮೆಣಸಿನ ಬಳ್ಳಿ ಕಸಿ ಕಟ್ಟೋದು ಕಲೀತಿರ್ತಾರೆ. ಹೇಳ್ಕೊಡೋದು ನಾನು, ದುಡ್ಡು ತಗೊಳಲ್ಲ.

ಇದು ಶುರುವಾಗಿದ್ದು ಸಿಟ್ಟಲ್ಲಿ. 2019ರ ಆಗಸ್ಟ್ ಮಳೆ ನೆನಪಿರಬೇಕಲ್ವಾ, ನಮ್ಮ ಕಡೆ ಗುಡ್ಡಗಳೇ ಜಾರಿ ಕೆಳಗೆ ಬಂದ ವರ್ಷ. ಆ ಮಳೇಲಿ ಸೊರಗು ರೋಗ ಬಂದು ನಮ್ಮ ಮೆಣಸು ಅರ್ಧಕ್ಕರ್ಧ ಹೋಯ್ತು, ಹಸಿರಾಗಿ ನಿಂತಿದ್ದ ಬಳ್ಳಿ ಎರಡು ಮೂರು ವಾರದಲ್ಲಿ ಎಲೆ ಜೋತು ಬಿದ್ದು ಗೆಣ್ಣು ಗೆಣ್ಣಿಗೆ ಕಳಚಿ ಮರದ ಬುಡದಲ್ಲಿ ರಾಶಿ. ಹಿಪ್ಪಲಿ ಬೇರಿನ ಮೇಲೆ ಕಸಿ ಕಟ್ಟಿದ್ರೆ ಬೇರಿಗೆ ಈ ರೋಗ ಅಷ್ಟಾಗಿ ಹತ್ತಲ್ಲ ಅಂತ ಕೇಳಿದ್ದೆ. ಇದು ನಮ್ಮ ಅಡುಗೆಮನೆ ಹಿಪ್ಪಲಿ ಅಲ್ಲ, ಅಮೆಜಾನ್ ಕಾಡಿನ ಕಡೆಯ ಜಾತಿ, ಕೊಲುಬ್ರಿನಂ ಅಂತಾರೆ. ಒಬ್ರು ನರ್ಸರಿಯವರ ಹತ್ರ ಹೋಗಿ "ಅಣ್ಣ, ಹೆಂಗೆ ಕಟ್ಟೋದು ಒಂಚೂರು ತೋರಿಸಿ" ಅಂದೆ. ಗಿಡ ಬೇಕಾದ್ರೆ ತಗೊಂಡು ಹೋಗಿ ಅಂದ್ರು, ಅಷ್ಟು ಹೇಳಿ ನಾನು ಅಲ್ಲಿಂದ ಹೊರಡೋವರೆಗೂ ಬೆನ್ನು ತಿರುಗಿಸಿ ಕೂತ್ರು. ಆಮೇಲೆ ನನಗೆ ಕಲಿಸಿದ್ದು ಪಕ್ಕದ ಎಸ್ಟೇಟಿನ ಕೆಲ್ಸದವರ ಲೈನ್ ಮನೇಲಿದ್ದ ಒಬ್ಬ ತಾತ, ಮೂರು ದಿನ ಸಂಜೆ ಕೆಲ್ಸ ಬಿಟ್ಟ ಮೇಲೆ ಕೂತು ತೋರಿಸಿದ್ರು, ಒಂದು ಕಟ್ಟು ಬೀಡಿ ತಗೊಂಡು ಹೋಗಿದ್ದೆ, ಅದನ್ನೂ ಇಸ್ಕೊಳ್ಳಲಿಲ್ಲ.

ಸರಿ, ನಾನೂ ಹಂಗೇ ಎಲ್ರಿಗೂ ಹೇಳ್ಕೊಡ್ತೀನಿ ಅಂತ ಹೊರಟೆ. ಮೊದಲನೇ ವರ್ಷ ಹದಿನೆಂಟು ಜನ ಬಂದ್ರು, ಎರಡು ಗಂಟೆ ಮಾತಾಡಿದೆ, ಎಲ್ರೂ ತಲೆ ಅಲ್ಲಾಡಿಸಿದ್ರು, ಕಾಫಿ ಕುಡಿದು ಹೋದ್ರು. ಒಂದು ತಿಂಗಳು ಬಿಟ್ಟು ಒಬ್ಬೊಬ್ರಿಗೇ ಫೋನ್ ಮಾಡಿ ಕೇಳಿದ್ರೆ ಒಬ್ರ ಕಸೀನೂ ಚಿಗುರಿರಲಿಲ್ಲ. ಹದಿನೆಂಟು ಜನದಲ್ಲಿ ಒಬ್ರದ್ದೂ ಇಲ್ಲ ಅಂದ್ರೆ ತಪ್ಪು ಅವರದ್ದಲ್ಲ ತಾನೇ. ಅಲ್ಲಿಂದ ಮುಂದೆ ಒಂದೊಂದೇ ತಿದ್ಕೊಂಡು ಬಂದಿದ್ದನ್ನ ಕೆಳಗೆ ಬರ್ದಿದೀನಿ. ನಿಮ್ಗೆ ಬರೋ ಕೆಲ್ಸ ಬೇರೆ ಇರಬಹುದು, ಹೊಲಿಗೆ, ಮೋಟಾರ್ ರಿಪೇರಿ, ಪಹಣಿ ಓದೋದು, ಮಕ್ಕಳಿಗೆ ಲೆಕ್ಕ, ಹಪ್ಪಳ, ಏನಾದ್ರೂ ಆಗ್ಲಿ, ದಾರಿ ಹೆಚ್ಚೂಕಮ್ಮಿ ಇದೇ.

ಮೊದಲು: ಒಂದೇ ಒಂದು ಸಣ್ಣ ಕೆಲ್ಸ ಆರಿಸ್ಕೊಳ್ಳಿ

"ನಾನು ಕೃಷಿ ಹೇಳ್ಕೊಡ್ತೀನಿ" ಅನ್ನಬೇಡಿ, ಅದು ಯಾರ ಕೈಲೂ ಆಗಲ್ಲ. "ಹಿಪ್ಪಲಿಗೆ ಮೆಣಸು ಕಸಿ ಕಟ್ಟೋದು" ಅನ್ನಿ. ನಮ್ಮ ಅತ್ತಿಗೆ ಬೇಲೂರಲ್ಲಿದಾರೆ, ಅವರ ಬೀದಿ ಹೆಣ್ಮಕ್ಕಳಿಗೆ ಟೈಲರಿಂಗ್ ಹೇಳ್ಕೊಡ್ತೀನಿ ಅಂತ ಶುರು ಮಾಡಿ ಎರಡೇ ವಾರಕ್ಕೆ ಸುಸ್ತಾದ್ರು, ಒಬ್ಬಳಿಗೆ ಕಾಜಾ ಬೇಕು, ಇನ್ನೊಬ್ಬಳಿಗೆ ಚೂಡಿದಾರ್, ಮತ್ತೊಬ್ಬಳು ಮಿಷನ್ ತುಳಿದೇ ಇಲ್ಲ. ಈಗ ಅವ್ರು ಹೇಳ್ಕೊಡೋದು ಒಂದೇ, ಬ್ಲೌಸಿಗೆ ತೋಳು ಕೂರಿಸೋದು. ಕಟಿಂಗ್ ಹೊರಗೆ ಮಾಡಿಸ್ಕೊಂಡು ಬನ್ನಿ, ತೋಳು ನೆರಿಗೆ ಬೀಳ್ದಂಗೆ ಕೂರಿಸೋದು ನಾನು ಹೇಳ್ತೀನಿ ಅಂತಾರೆ. ಎಲ್ರೂ ತಡವರಿಸೋದು ಅಲ್ಲೇ ಅಂತೆ.

ಹಾಸನದಲ್ಲಿ ನಮ್ಮ ಚಿಕ್ಕಪ್ಪ ಒಬ್ರು ಕಂದಾಯ ಇಲಾಖೆಯಿಂದ ರಿಟೈರ್ ಆಗಿದಾರೆ, ಅವ್ರು ಪಹಣಿ ಓದೋದು ಮಾತ್ರ ಹೇಳ್ಕೊಡ್ತಾರೆ, ಅದರಲ್ಲೂ ಎರಡೇ ಕಲಂ. ಒಂಬತ್ತನೇ ಕಲಂನಲ್ಲಿ ಯಾರ ಹೆಸ್ರಿದೆ, ಎಷ್ಟು ವಿಸ್ತೀರ್ಣ ಇದೆ ನೋಡಿ, ಹನ್ನೊಂದರಲ್ಲಿ ಬ್ಯಾಂಕು ಸೊಸೈಟಿ ಸಾಲದ ಋಣ ಇದ್ಯಾ ನೋಡಿ, ಸಾಲ ತೀರಿಸಿ ವರ್ಷಗಟ್ಟಲೆ ಆಗಿದ್ರೂ ಅಲ್ಲಿ ಹಂಗೇ ಕೂತಿರುತ್ತೆ, ಅದನ್ನ ತೆಗೆಸಬೇಕು ಅಂತ. ಜೊತೆಗೆ 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಅನ್ನೋ ಲೆಕ್ಕ. ಅಷ್ಟೇ ಪಾಠ, ಅರ್ಧ ಗಂಟೆ. ಆದ್ರೆ ಆ ಅರ್ಧ ಗಂಟೆ ಕೂತು ಎದ್ದೋರು ಆಮೇಲೆ ಜಮೀನು ವ್ಯವಹಾರಕ್ಕೆ ಹೋದಾಗ ಬ್ರೋಕರ್ ಮುಖ ನೋಡ್ಕೊಂಡು ನಿಲ್ಲಲ್ಲ.

ಯಾವ್ದು ಆರಿಸ್ಕೋಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಾನು ಒಂದು ಕೇಳ್ತೀನಿ, ಆ ಕೆಲ್ಸಾನ ನೀವು ಎಷ್ಟು ಥರ ಕೆಡಿಸಿದೀರ? ಒಂದು ಹಾಳೇಲಿ ಬರೀರಿ. ನಾನು ಕಸೀನ ಬ್ಲೇಡ್ ಮೊಂಡಾಗಿ ಕೆಡಿಸಿದೀನಿ, ಟೇಪು ಸಡಿಲ ಕಟ್ಟಿ ಕೆಡಿಸಿದೀನಿ, ಮೇಲೆ ತೊಟ್ಟೆ (ಪ್ಲಾಸ್ಟಿಕ್ ಕವರ್) ಮುಚ್ಚೋದು ಮರೆತು ಒಣಗಿಸಿದೀನಿ, ಬಿಸಿಲಿಗಿಟ್ಟು ಬೇಯಿಸಿದೀನಿ, ಅಡ್ಡ ಕವಲಿನ ಕಡ್ಡಿ ಕಟ್ಟಿ ಬಳ್ಳಿ ಮರ ಹತ್ತದೆ ಪೊದೆ ಮೆಣಸು ಆಗೋಗಿದೆ. ಈ ಪಟ್ಟಿ ಉದ್ದ ಇದ್ರೆ ಆ ಕೆಲ್ಸ ಹೇಳ್ಕೊಡೋಕೆ ನಿಮ್ಗೆ ಯೋಗ್ಯತೆ ಇದೆ ಅಂತ ಅರ್ಥ. ಒಂದ್ಸಲಾನೂ ಕೆಟ್ಟಿಲ್ಲ ಅಂದ್ರೆ ಇನ್ನೂ ಸ್ವಲ್ಪ ದಿನ ನೀವೇ ಮಾಡಿ. ಈ ಪಟ್ಟೀನ ಹರಿದು ಬಿಸಾಕಬೇಡಿ, ನಿಮ್ಮ ಪಾಠದಲ್ಲಿ ಮುಕ್ಕಾಲು ಭಾಗ ಇದೇ ಆಗುತ್ತೆ.

ಕಾಲ ನೋಡ್ಕೊಳ್ಳಿ

ಬೇಕಾದ ಹೊತ್ತಿಗೆ ಹದಿನೈದು ದಿನ ಮುಂಚೆ ಹೇಳ್ಕೊಡಿ, ಆರು ತಿಂಗಳು ಮುಂಚೆ ಹೇಳಿದ್ರೆ ಮರ್ತೋಗುತ್ತೆ, ಆಮೇಲೆ ಹೇಳಿದ್ರೆ ಹೊಟ್ಟೆ ಉರಿಯುತ್ತೆ ಅಷ್ಟೇ. ಅಡಿಕೆ, ಮೆಣಸಿನ ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋದು ಹೇಳ್ಕೊಡೋದಾದ್ರೆ ಮೇ ತಿಂಗಳು ಮುಗಿಯೋದ್ರೊಳಗೆ, ಮುಂಗಾರು ಕೂತ್ಕೊಳ್ಳೋ ಮುಂಚೆ. ಹಾಸನದ ಕಡೆ ಆಲೂಗಡ್ಡೆಯವರಿಗೆ ಅಂಗಮಾರಿ ರೋಗದ ಬಗ್ಗೆ ಏನಾದ್ರೂ ಹೇಳೋದಿದ್ರೆ ಬಿತ್ತನೆ ಗಡ್ಡೆ ತರೋಕೆ ಹೋಗೋ ಹೊತ್ತಿಗೆ ಹೇಳಬೇಕು, ಗಿಡ ಕರ್ರಗಾದ ಮೇಲೆ ಹೋಗಿ ಉಪದೇಶ ಮಾಡಿದ್ರೆ ಒದೆ ಬೀಳುತ್ತೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಫೆಬ್ರವರಿಲಿ ಲೆಕ್ಕ ಶುರು ಮಾಡೋದೂ ಹಂಗೇ, ತಡ ಆಗೋಗಿರುತ್ತೆ.

ಮತ್ತೆ ಕಾಫಿ ಕುಯ್ಲಿನ ಟೈಮಲ್ಲಿ, ನವೆಂಬರಿಂದ ಫೆಬ್ರವರಿ ಕೊನೆವರೆಗೂ, ಯಾರನ್ನೂ ಕರೀಬೇಡಿ. ಯಾರೂ ಬರಲ್ಲ, ನೀವೂ ಬೇಜಾರು ಮಾಡ್ಕೋತೀರ. ಸಂತೆ ದಿನಾನೂ ಬೇಡ.

ಐದು ಜನ ಸಾಕು, ಎದುರಿಗೆ ಕೂರಿಸಬೇಡಿ

ಹದಿನೆಂಟು ಜನ ಯಾಕೆ ಆಗಲ್ಲ ಅಂದ್ರೆ ಕೈ ಕಾಣಲ್ಲ. ಕೈಕೆಲ್ಸ ಯಾವ್ದೇ ಆಗ್ಲಿ ಬೆರಳು ಕಾಣ್ಬೇಕು. ಐದು ಜನಕ್ಕಿಂತ ಜಾಸ್ತಿ ಆದ್ರೆ ಹಿಂದಿನೋರು ಫೋನ್ ತೆಗೀತಾರೆ.

ಇನ್ನೊಂದು, ಇದು ನನಗೆ ಹೊಳೆಯೋಕೆ ಒಂದು ವರ್ಷ ಬೇಕಾಯ್ತು, ನಾವು ಎದುರಿಗೆ ಕೂತು ತೋರಿಸಿದ್ರೆ ಅವರಿಗೆ ಎಡ ಬಲ ಉಲ್ಟಾ ಕಾಣುತ್ತೆ. ನಾನು ಬಲಗೈಲಿ ಬ್ಲೇಡ್ ಹಿಡಿದು ನನ್ನ ಕಡೆಯಿಂದ ಆಚೆಗೆ ಕೊಯ್ದ್ರೆ ಎದುರಿಗೆ ಕೂತೋನು ಅದನ್ನೇ ನೋಡ್ಕೊಂಡು ತನ್ನ ಕಡೆಗೇ ಎಳ್ಕೊಳ್ತಾನೆ, ಹಂಗೇ ಒಬ್ಬ ಹುಡುಗ ಹೆಬ್ಬೆರಳು ಕುಯ್ಕೊಂಡ. ಈಗ ಬೆಂಚಿನ ಒಂದೇ ಕಡೆ ಎಲ್ರೂ ಕೂರೋದು, ನೋಡೋರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡೋದು. ಹೊಲಿಗೆಗೂ ಇದೇ, ಸ್ವೆಟರ್ ಹೆಣೆಯೋದಕ್ಕೂ ಇದೇ, ತಬಲಾ ಹೇಳ್ಕೊಡೋರು ಏನ್ಮಾಡ್ತಾರೋ ಗೊತ್ತಿಲ್ಲ. ಎಡಗೈಯೋರು ಬಂದ್ರೆ ಮಾತ್ರ ಎದುರಿಗೆ ಕೂರಿಸ್ಕೊಳ್ಳಿ, ಕನ್ನಡಿ ಥರ ಆಗುತ್ತೆ, ಸಲೀಸಾಗಿ ಕಲೀತಾರೆ.

ಪಾಠ ಬಾಟ್ಲಿ ಅಳತೇಲಿ ಇರ್ಲಿ

ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಬೋರ್ಡೋ ದ್ರಾವಣ ನಮ್ಮ ಮಲೆನಾಡಲ್ಲಿ ಯಾರಿಗೆ ಗೊತ್ತಿಲ್ಲ, ಒಂದು ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟ್, ತಾಮ್ರದ ಉಪ್ಪು), ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ಇದು ಶೇಕಡಾ ಒಂದರ ದ್ರಾವಣ. ಎಲ್ರಿಗೂ ಬಾಯಿಗೆ ಬರುತ್ತೆ, ಆದ್ರೂ ಕೊಪ್ಪ ಶೃಂಗೇರಿ ಕಡೆ ಅಡಿಕೆ ಇರ್ಲಿ ನಮ್ಮ ಕಡೆ ಮೆಣಸಿರ್ಲಿ, ಹೊಡೆದೂ ಹೊಡೆದೂ ಕೊಳೆ ನಿಲ್ಲಲಿಲ್ಲ ಅನ್ನೋರು ಇದ್ದೇ ಇರ್ತಾರೆ. ಒಂದ್ಸಲ ನಿಂತು ನೋಡಿದ್ರೆ ಸುಣ್ಣ ಹಳೇದು, ಚೀಲ ಬಿಚ್ಚಿ ವರ್ಷ ಆಗಿದೆ, ಗಾಳಿ ತಗೊಂಡು ಸತ್ವ ಹೋಗಿದೆ, ತೂಕ ಮಾತ್ರ ಸರಿಯಾಗಿ ಒಂದು ಕೇಜಿ. ಇದನ್ನ ಬಾಯಲ್ಲಿ ಹೇಳಿದ್ರೆ "ಹೂಂ ಗೊತ್ತು" ಅಂತಾರೆ. ಅದಕ್ಕೆ ನಾನು ನೂರು ಲೀಟರ್ ಡ್ರಮ್ಮಲ್ಲಿ ತೋರಿಸೋದು ಬಿಟ್ಟೆ. ಒಂದು ಲೀಟರ್ ಮಾಡಿಸ್ತೀನಿ. ಹತ್ತು ಗ್ರಾಂ ತುತ್ತ ಅರ್ಧ ಲೀಟರ್ ನೀರಲ್ಲಿ, ಹತ್ತು ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಎಲ್ಲಾ ಪ್ಲಾಸ್ಟಿಕ್ ಪಾತ್ರೇಲಿ, ಕಬ್ಬಿಣದ ಬಕೆಟ್ ಬೇಡ. ಸುಣ್ಣದ ನೀರನ್ನ ಕಲಕ್ತಾ ಕಲಕ್ತಾ ಅದಕ್ಕೆ ತುತ್ತದ ನೀರು ಹಾಕೋದು, ಆಕಾಶದ ಬಣ್ಣ ಬರುತ್ತೆ.

ಇಂಥದ್ದು ಎರಡು ಬಾಟ್ಲಿ ಮಾಡಿಸ್ತೀನಿ. ಒಂದಕ್ಕೆ ಒಳ್ಳೆ ಸುಣ್ಣ, ಇನ್ನೊಂದಕ್ಕೆ ಹಳೇ ಸುಣ್ಣ, ಯಾವ್ದು ಯಾವ್ದು ಅಂತ ಹೇಳಲ್ಲ. ಆಮೇಲೆ ಒಂದು ತುಕ್ಕಿಲ್ಲದ ಕಬ್ಬಿಣದ ಚೂರಿ ಕೊಟ್ಟು ಎರಡರಲ್ಲೂ ಅದ್ದಿ ಹಿಡ್ಕೊಳ್ಳಿ ಅಂತೀನಿ. ಸುಣ್ಣ ಸಾಲದ ಬಾಟ್ಲೀಲಿ ಚೂರಿಗೆ ಕೆಂಪಗೆ ತಾಮ್ರ ಹತ್ಕೊಳ್ಳುತ್ತೆ, ಸುಣ್ಣಕ್ಕೆ ಸಿಗದೆ ಉಳ್ಕೊಂಡ ತಾಮ್ರ ಕಬ್ಬಿಣದ ಮೇಲೆ ಬಂದು ಕೂರೋದು ಅದು. ಅಂಥದ್ದನ್ನ ಹೊಡೆದ್ರೆ ಎಲೆ ಸುಟ್ಟು ಹೋಗುತ್ತೆ. ಚೂರಿ ಕೆಂಪಾದ್ರೆ ಇನ್ನೊಂಚೂರು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡೋದು, ಕೆಂಪು ಹತ್ತದೇ ಇರೋವರೆಗೂ. ಮಾಡಿದ ದಿನಾನೇ ಹೊಡೆದು ಮುಗಿಸ್ಬೇಕು, ನಾಳೆಗೆ ಇಡಂಗಿಲ್ಲ. ಆ ಚೂರಿ ಕೆಂಪಾಗೋದನ್ನ ತನ್ನ ಕೈಯಲ್ಲೇ ಹಿಡಿದು ನೋಡಿದೋನು ಆಮೇಲೆ ಹಳೇ ಸುಣ್ಣ ತರಲ್ಲ ಕಣ್ರೀ, ನಾನು ಹೇಳೋದೇ ಬೇಡ.

ಸುಣ್ಣ ಅರಳಿಸೋವಾಗ ನೀರು ಕೊತಕೊತ ಕುದಿಯುತ್ತೆ, ಕಣ್ಣಿಗೆ ಹಾರಿದ್ರೆ ಕಷ್ಟ, ಮಕ್ಕಳನ್ನ ದೂರ ಇಡಿ.

ಈ ಬೋರ್ಡೋ ಕಥೇನೂ ಹೇಳಿಬಿಡ್ತೀನಿ, ಯಾಕಂದ್ರೆ ಬಿಟ್ಟಿ ಹಂಚಿದ ವಿದ್ಯೆ ಅಂದ್ರೆ ನನಗೆ ನೆನಪಾಗೋದು ಅದೇ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟದೋರು ದಾರೀಲಿ ಹೋಗೋರು ಹಣ್ಣು ಕಿತ್ಕೋಬಾರ್ದು ಅಂತ ರಸ್ತೆ ಪಕ್ಕದ ಸಾಲಿಗೆ ತುತ್ತ ಸುಣ್ಣ ಕಲಸಿ ಬಳಿದಿದ್ರಂತೆ, ನೋಡೋಕೆ ವಿಷ ಥರ ಕಾಣ್ಲಿ ಅಂತ. ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರೀಲಿ ಹೋಗ್ತಾ ನೋಡಿದ್ರು, ಆ ಸಾಲಿಗೆ ಮಾತ್ರ ಬೂಜು ರೋಗ ಇಲ್ಲ. ಕೂತು ಪ್ರಯೋಗ ಮಾಡಿ 1885ರಲ್ಲಿ ಅಳತೆ ಸಮೇತ ಪ್ರಕಟ ಮಾಡಿದ್ರು, ಯಾರು ಬೇಕಾದ್ರೂ ಮಾಡ್ಕೊಳ್ಳಿ ಅಂತ. ನಮ್ಮ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗ ಅಭ್ಯಾಸ ಮಾಡಿ ಇದನ್ನೇ ಹೊಡೀರಿ ಅಂದ್ರು. ಬಾಳೆಹೊನ್ನೂರಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವ್ರು ಕೃಷಿ ಇಲಾಖೆ ನೋಡ್ಕೊಳ್ತಿದ್ದ ಕಾಲದಲ್ಲೇ. ದ್ರಾಕ್ಷಿ ಕಳ್ಳರನ್ನ ಹೆದರಿಸೋಕೆ ಬಳಿದಿದ್ದು ಈಗ ನಮ್ಮ ಅಡಿಕೆ ಗೊನೆ ಮೇಲೆ ಕೂತಿದೆ ನೋಡಿ.

ಅವರ ಕೈಯಿಂದ ಚೂರಿ ಕಿತ್ಕೋಬೇಡಿ

ಎಲ್ಲಕ್ಕಿಂತ ಕಷ್ಟ ಇದು. ಕಲಿಯೋರು ತಪ್ಪು ಮಾಡ್ತಿರ್ತಾರೆ, ನಮ್ಮ ಕೈ ಸುಮ್ನೆ ಇರಲ್ಲ, "ತಗೊಂಬಾ ಇಲ್ಲಿ, ಹಂಗಲ್ಲ" ಅಂತ ಕಿತ್ಕೊಂಡು ನಾವೇ ಕಟ್ಟಿ ಕೊಡ್ತೀವಿ. ಆ ಗಿಡ ಚಿಗುರುತ್ತೆ ನಿಜ, ಆದ್ರೆ ಅದನ್ನ ಕಟ್ಟಿದ್ದು ನಾವು. ಅವನು ಮನೆಗೆ ಹೋಗಿ ಕಟ್ಟಿದ ಹತ್ತೂ ಒಣಗುತ್ತೆ. ನನ್ನ ಮೊದಲನೇ ವರ್ಷದ ಹದಿನೆಂಟು ಜನದ ಗುಟ್ಟು ಇದೇ, ಎಲ್ಲಾ ನಾನೇ ಕಟ್ಟಿ ತೋರಿಸಿದ್ದೆ, ಒಬ್ರೂ ಕಟ್ಟಿರಲಿಲ್ಲ.

ಈಗ ನಾನು ಒಂದು ಕಟ್ಟಿ ತೋರಿಸ್ತೀನಿ. ಹಿಪ್ಪಲಿ ಗಿಡ ಪೆನ್ಸಿಲ್ ದಪ್ಪ ಇರೋದು ತಗೊಂಡು ತಲೆ ಕಡಿದು ನಡುವೆ ಸೀಳೋದು, ಸುಮಾರು ಒಂದೂವರೆ ಇಂಚು. ಮೆಣಸಿನದ್ದು ಎರಡು ಮೂರು ಗೆಣ್ಣಿರೋ ಬಳ್ಳಿ, ಅದೇ ದಪ್ಪದ್ದು, ಬುಡ ಎರಡೂ ಕಡೆ ಕೊಯ್ದು ಬೆಣೆ ಥರ ಮಾಡೋದು, ಒಂದೇ ಏಟಿಗೆ, ಹೆರೀಬಾರ್ದು. ಸೀಳಲ್ಲಿ ಇಳಿಸಿ ಸಿಪ್ಪೆಗೆ ಸಿಪ್ಪೆ ಕೂಡಬೇಕು, ಎರಡೂ ಕಡೆ ಕೂಡಲಿಲ್ಲ ಅಂದ್ರೆ ಒಂದು ಕಡೆಯಾದ್ರೂ. ಬಿಗಿಯಾಗಿ ಟೇಪು, ಮೇಲೆ ಪ್ಲಾಸ್ಟಿಕ್ ತೊಟ್ಟೆ, ನೆರಳು. ಮೂರ್ನಾಲ್ಕು ವಾರಕ್ಕೆ ಚಿಗುರು ಕಾಣುತ್ತೆ. ಅಷ್ಟೇ ಇದರ ವಿದ್ಯೆ. ಇದಾದ ಮೇಲೆ ನಾನು ಕೈ ಬೆನ್ನ ಹಿಂದೆ ಕಟ್ಕೊಂಡು ನಿಲ್ತೀನಿ, ನಿಜವಾಗ್ಲೂ ಕಟ್ಕೊಳ್ತೀನಿ, ಇಲ್ಲಾಂದ್ರೆ ಕೈ ಕೇಳಲ್ಲ. ಮೊದಲ ಐದು ಕಸಿ ಕೆಡಲಿ ಅಂತಾನೇ ಬೇರೆ ಕಡ್ಡಿ ಕೊಡ್ತೀನಿ, ಬೇಲಿ ಕಡ್ಡಿ ಆದ್ರೂ ಸರಿ, ಕೊಯ್ಯೋದು ಅಭ್ಯಾಸ ಆಗ್ಲಿ. ಆರನೇದ್ರಿಂದ ಹಿಪ್ಪಲಿ.

ತಪ್ಪಾದಾಗ "ಹಂಗಲ್ಲ" ಅನ್ನೋ ಬದಲು "ಎಲ್ಲಿ ಗ್ಯಾಪ್ ಕಾಣ್ತಿದೆ ನೋಡು" ಅಂತ ಕೇಳಿ. ಅವ್ರೇ ಕಂಡು ಹಿಡೀತಾರೆ. ನಮ್ಮ ಪಕ್ಕದ ತೋಟದಲ್ಲಿ ಕೆಲ್ಸಕ್ಕೆ ಬರೋ ಒಬ್ಬಕ್ಕ ಇದಾರೆ, ಓದು ಬರಹ ಇಲ್ಲ, ಎರಡು ಭಾನುವಾರ ಬಂದ್ರು, ಮಾತೇ ಆಡ್ಲಿಲ್ಲ, ಪ್ರಶ್ನೇನೂ ಕೇಳ್ಲಿಲ್ಲ, ಇವರಿಗೆ ಅರ್ಥ ಆಗ್ತಿಲ್ಲ ಅಂದ್ಕೊಂಡು ನಾನು ಮತ್ತೆ ಮತ್ತೆ ಹೇಳ್ತಿದ್ದೆ. ಅವ್ರು ಕಟ್ಟಿದ ಇಪ್ಪತ್ತರಲ್ಲಿ ಹದಿನೇಳು ಚಿಗುರ್ತು. ನನಗೇ ಅಷ್ಟು ಬರಲ್ಲ. ಹೆಂಗೆ ಅಂತ ಕೇಳಿದ್ರೆ "ಬಾಳೆ ನಾರಲ್ಲಿ ಹೂ ಕಟ್ಟೋ ಹಂಗೆ ಅಲ್ವಾ ಅಣ್ಣ" ಅಂದ್ರು. ಟೇಪು ಬಿಗಿ ಮಾಡೋಕೆ ಅವರ ಬೆರಳಿಗೆ ಚಿಕ್ಕಂದಿನಿಂದ ಅಭ್ಯಾಸ ಇತ್ತು. ಈಗ ನಾನು ಟೇಪ್ ಸುತ್ತೋದನ್ನ ಅವರ ಮಾತಲ್ಲೇ ಹೇಳ್ತೀನಿ.

ಅಳತೆ, ಮಾತು

ಅವ್ರು ಬಳಸೋ ಅಳತೇಲಿ ಹೇಳಿ. ನಮ್ಮ ಕಡೆ ಮಳೇನ ಯಾರೂ ಮಿಲಿಮೀಟರಲ್ಲಿ ಹೇಳಲ್ಲ, "ನಿನ್ನೆ ಎಷ್ಟಾಯ್ತು" ಅಂದ್ರೆ "ಒಂದು ಇಂಚು ಇಪ್ಪತ್ತು ಸೆಂಟ್ಸ್" ಅಂತಾರೆ, ನೂರು ಸೆಂಟಿಗೆ ಒಂದಿಂಚು. ಕಾಫಿ ಹೂ ಅರಳಿಸೋ ಹೂ ಮಳೆ ಬಗ್ಗೆ ಮಾತಾಡ್ತಾ 25 ಮಿಲಿಮೀಟರ್ ಅಂದ್ರೆ ಸಾಹುಕಾರ್ರಿಂದ ಹಿಡಿದು ತೋಟದ ಲೆಕ್ಕ ಬರೆಯೋ ರೈಟರ್‌ವರೆಗೂ ಒಂದ್ಸಲ ಲೆಕ್ಕ ಹಾಕೋಕೆ ಕೂರ್ತಾರೆ, ಒಂದಿಂಚು ಅಂದ್ರೆ ಆಯ್ತು. ಆದ್ರೆ ಔಷಧಿ ವಿಷಯಕ್ಕೆ ಮಾತ್ರ "ಒಂದು ಹಿಡಿ, ಒಂದು ಮುಚ್ಚಳ" ಬೇಡ, ಮುಚ್ಚಳ ಒಂದೊಂದು ಕಂಪನಿದು ಒಂದೊಂಥರ, ಅಲ್ಲಿ ತಕ್ಕಡೀನೇ ಬೇಕು.

ದುಡ್ಡು, ಫೋನು, ಸಂಕೋಚ

ಬಿಟ್ಟಿ ಅಂದ ತಕ್ಷಣ ಎರಡು ಥರದ ಜನ ಬರ್ತಾರೆ. ಒಂದು, ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನೋರು. ಇನ್ನೊಂದು, ಸಂಕೋಚಕ್ಕೆ ಸತ್ತು ಹೋಗೋರು, ಬಾಳೆಗೊನೆ ಹೊತ್ಕೊಂಡು ಬರ್ತಾರೆ, ಇಲ್ಲಾಂದ್ರೆ ಬರೋದೇ ಇಲ್ಲ. ಎರಡಕ್ಕೂ ಒಂದೇ ಮದ್ದು, ಏನು ಬಿಟ್ಟಿ ಏನು ಬಿಟ್ಟಿ ಅಲ್ಲ ಅಂತ ಮೊದಲೇ ಹೇಳಿಬಿಡೋದು. ನನ್ನ ಸಮಯ ಬಿಟ್ಟಿ, ವಿದ್ಯೆ ಬಿಟ್ಟಿ, ಕಾಫಿ ಬಿಟ್ಟಿ. ಹಿಪ್ಪಲಿ ಗಿಡ, ಬ್ಲೇಡು, ಟೇಪು ನಿಮ್ದು. ಸಾಮಾನು ಅವರದ್ದಾದ್ರೆ ಮನಸ್ಸಿಟ್ಟು ಕೊಯ್ತಾರೆ, ಇದು ನಾನು ಕಣ್ಣಾರೆ ಕಂಡಿದ್ದು. ಕೈಲಿ ಆಗದೋರಿಗೆ ಗಿಡ ನಾನೇ ಕೊಡ್ತೀನಿ, ಆದ್ರೆ ಎಲ್ರ ಮುಂದೆ ಕೊಡಲ್ಲ, ಹಿಂದಿನ ದಿನಾನೇ ಅವರ ಮನೆಗೆ ತಲುಪಿಸಿರ್ತೀನಿ, ಅವ್ರೂ ಎಲ್ರ ಥರ ತಮ್ಮ ಗಿಡ ತಂದಂಗೆ ಕೂರ್ತಾರೆ.

ಆಮೇಲೆ ಫೋನು. ರಾತ್ರಿ ಹತ್ತು ಗಂಟೆಗೆ "ಅಣ್ಣ, ನಾಳೆ ಬಂದು ನಮ್ಮದೊಂದು ನೂರು ಕಟ್ಕೊಟ್ಟು ಹೋಗಿ" ಅಂತಾರೆ. ಅದು ಕಲಿಯೋದಲ್ಲ, ಬಿಟ್ಟಿ ಆಳು ಹುಡುಕೋದು. ಮೊದಮೊದಲು ಹೋಗ್ತಿದ್ದೆ, ಮನೇಲಿ ಬೈಸ್ಕೊಂಡೆ, ನ್ಯಾಯವಾಗೇ ಬೈದ್ರು, ನಮ್ಮ ತೋಟದ ಮರಗಸಿ (ನೆರಳು ಮರದ ಕೊಂಬೆ ಸವರೋದು) ಬಿಟ್ಟು ಊರವರ ಕಸಿ ಕಟ್ತಿದ್ದೆ. ಈಗ ಹೇಳೋದು ಹಿಂಗೆ: "ಕಟ್ಕೊಡೋಕೆ ಆಗಲ್ಲ ಗೌಡ್ರೇ, ಕಲಿಸ್ಕೊಡ್ತೀನಿ, ಭಾನುವಾರ ಒಂಬತ್ತಕ್ಕೆ ಬನ್ನಿ, ಬರೋಕಾಗ್ಲಿಲ್ಲ ಅಂದ್ರೆ ಕಟ್ಟೋಕೆ ಬರೋರ ನಂಬರ್ ಕೊಡ್ತೀನಿ, ಅವರ ಕೂಲಿ ನೀವೇ ಮಾತಾಡ್ಕೊಳ್ಳಿ." ಆ ನಂಬರ್ ಯಾರದ್ದು ಅಂದ್ರೆ ನಮ್ಮ ಹೂ ಕಟ್ಟೋ ಅಕ್ಕಂದೇ.

ನನಗೆ ಬೆನ್ನು ತಿರುಗಿಸಿ ಕೂತ ನರ್ಸರಿಯವರ ವಿಷಯಾನೂ ಹೇಳ್ಬೇಕು. ಅವರ ಹೊಟ್ಟೆಪಾಡೇ ಕಸಿ ಗಿಡ ಮಾರೋದು, ನಾನು ಹೋಗಿ ಊರಿಗೆಲ್ಲ ಕಲಿಸಿದ್ರೆ ಅವರ ಗತಿ ಏನು ಅಂತ ನನಗೂ ಒಂದು ವರ್ಷ ಕೊರೀತಿತ್ತು. ನೋಡ್ತಾ ನೋಡ್ತಾ ಗೊತ್ತಾಗಿದ್ದು, ಕಲಿತೋರಲ್ಲಿ ಮುಕ್ಕಾಲು ಜನ ಹಿಪ್ಪಲಿ ಗಿಡಾನ ಅವರ ಹತ್ರಾನೇ ತರ್ತಾರೆ, ಸಾವಿರಗಟ್ಟಲೆ ಬೇಕಾದೋರು ಕಸಿ ಗಿಡಾನೂ ಅಲ್ಲೇ ತಗೊಳ್ತಾರೆ. ಆದ್ರೂ ಅವ್ರು ನನ್ನ ಹತ್ರ ಈಗ್ಲೂ ಅಷ್ಟಕ್ಕಷ್ಟೇ, ಮಾತು ಕಮ್ಮಿ. ಅದಕ್ಕೆ ಪರಿಹಾರ ನನ್ನ ಹತ್ರ ಇಲ್ಲ. ನಿಮ್ಮೂರಲ್ಲಿ ಒಬ್ಬಳೇ ವಿಧವೆ ಹೆಣ್ಮಗಳು ಹೊಲಿಗೆ ಹೇಳ್ಕೊಟ್ಟು ಫೀಸಲ್ಲಿ ಮನೆ ನಡೆಸ್ತಿದ್ರೆ ನೀವು ಅದನ್ನೇ ಪಕ್ಕದ ಬೀದೀಲಿ ಬಿಟ್ಟಿ ಶುರು ಮಾಡಬೇಡಿ, ಬೇರೆ ಏನಾದ್ರೂ ಹೇಳ್ಕೊಡಿ, ಇದು ನನ್ನ ಅಭಿಪ್ರಾಯ.

ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡಿ

ನಾಲ್ಕು ಜನ "ಸಾರ್" ಅಂತ ಕರೆದ ಮೇಲೆ ಎಲ್ಲಾ ಗೊತ್ತು ಅನ್ನೋ ಭ್ರಮೆ ಬರುತ್ತೆ, ನನಗೂ ಬಂದಿತ್ತು. ಕಸಿ ಕೇಳೋಕೆ ಬಂದೋರು ಕಾಫಿ ಕಾಂಡಕೊರಕ ಕೇಳ್ತಾರೆ, ಮಣ್ಣಿನ ಹುಳಿ ಕೇಳ್ತಾರೆ, ಆಮೇಲೆ ಹಸು ಕೆಚ್ಚಲು ಬಾವೂ ಕೇಳ್ತಾರೆ. ಕಾಫಿ ಅಂದ್ರೆ ಬಾಳೆಹೊನ್ನೂರು, ಮೂಡಿಗೆರೇಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹಾಸನದೋರಿಗೆ ಕಂದಲೀಲಿ ಇದೆ, ಅಲ್ಲಿಗೆ ಕಳಿಸ್ತೀನಿ, ಬರೀ ಬಾಯಲ್ಲಿ ಹೇಳಲ್ಲ, ಒಂದು ಚೀಟೀಲಿ ಏನು ಕೇಳಬೇಕು, ಜೊತೆಗೆ ಏನು ತಗೊಂಡು ಹೋಗಬೇಕು ಬರ್ದು ಕೊಡ್ತೀನಿ, ರೋಗದ ಎಲೆ ಆದ್ರೆ ಒದ್ದೆ ಇಲ್ದಂಗೆ ಪೇಪರಲ್ಲಿ ಸುತ್ತಿ ಅಂತ. ನಮ್ಮ ಚಿಕ್ಕಪ್ಪಾನೂ ಹಂಗೇ, ಪಹಣಿ ಓದೋದು ಹೇಳ್ತಾರೆ, ಅಣ್ತಮ್ಮಂದಿರ ಪಾಲಿನ ಜಗಳ ಬಂದ್ರೆ ಕನ್ನಡಕ ತೆಗೆದು ಜೇಬಿಗೆ ಹಾಕ್ಕೊಂಡು ವಕೀಲರ ಹತ್ರ ಹೋಗಿ ಅಂತಾರೆ. ಕರೆಂಟಿನ ಕೆಲ್ಸ ಹೇಳ್ಕೊಡೋರು ಮೀಟರ್ ಬೋರ್ಡಿಂದ ಆಚೆ ಏನನ್ನೂ ಹೇಳಬೇಡಿ.

ನಿಮ್ಮ ವಿದ್ಯೆಯ ಹುಳುಕನ್ನೂ ಹೇಳಿ. ಹಿಪ್ಪಲಿ ಕಸಿ ಗಿಡಕ್ಕೆ ಬೇಸಿಗೇಲಿ ನೀರು ಬೇಕೇ ಬೇಕು, ನೀರಿಲ್ಲದ ತೋಟದೋರು ಕಲ್ತು ಪ್ರಯೋಜನ ಇಲ್ಲ. ಇದನ್ನ ನಾನು ಪಾಠ ಶುರು ಮಾಡೋ ಮುಂಚೇನೇ ಹೇಳ್ತೀನಿ. ಒಂದಿಬ್ರು ಅಲ್ಲಿಂದಲೇ ಎದ್ದು ಹೋಗಿದಾರೆ, ಒಳ್ಳೇದೇ ಆಯ್ತು.

ವಿಡಿಯೋ ಮಾಡೋದಾದ್ರೆ

ಮುಖ ಬೇಡ, ಕೈ ಮಾತ್ರ. ಎರಡು ನಿಮಿಷ. ಒಂದು ವಿಡಿಯೋಗೆ ಒಂದೇ ಕೆಲ್ಸ. ಯಾವ ತಿಂಗಳು, ಯಾವ ಊರು ಅಂತ ಶುರುವಲ್ಲೇ ಹೇಳಿ, ಇಲ್ಲಾಂದ್ರೆ ಅರಸೀಕೆರೆ ಬಯಲಲ್ಲಿ ಕೂತೋನು ಮೂಡಿಗೆರೆ ಮಳೆ ಲೆಕ್ಕದಲ್ಲಿ ಮಾಡಿ ಕೆಡಿಸ್ಕೊಳ್ತಾನೆ. "ಯಾರು ಬೇಕಾದ್ರೂ ಕಾಪಿ ಮಾಡ್ಕೊಳ್ಳಿ, ಹಂಚ್ಕೊಳ್ಳಿ, ನನ್ನನ್ನ ಕೇಳೋದು ಬೇಡ" ಅಂತ ಬಾಯಲ್ಲೇ ಹೇಳಿಬಿಡಿ, ಸುಮಾರು ಜನಕ್ಕೆ ಕೇಳದೆ ಕಳಿಸೋಕೆ ಸಂಕೋಚ. ಆಮೇಲೆ ನಿಮ್ಮ ತಪ್ಪು ನಿಮಗೇ ಗೊತ್ತಾದ್ರೆ ಹಳೇದನ್ನ ಅಳಿಸಿ ಹೊಸದು ಹಾಕಿ, "ಮುಂಚೆ ನಾನು ಹೇಳಿದ್ದು ತಪ್ಪು" ಅಂತ ಸೇರಿಸಿ. ನಾನು ತೊಟ್ಟೆ ಹತ್ತು ದಿನಕ್ಕೆ ತೆಗೀರಿ ಅಂತ ಹೇಳಿದ್ದೆ ಒಂದರಲ್ಲಿ, ಚಿಗುರು ಬರೋ ಮುಂಚೇನೇ ತೆಗೆದು ಎಷ್ಟು ಜನ ಒಣಗಿಸ್ಕೊಂಡ್ರೋ ಏನೋ. ಅಳಿಸಿದೀನಿ, ಆದ್ರೂ ಅದು ಈಗ್ಲೂ ಎಲ್ಲೆಲ್ಲೋ ಗ್ರೂಪಲ್ಲಿ ಓಡಾಡ್ತಿದೆ, ನಿಮ್ಮ ಫೋನಿಗೆ ಬಂದ್ರೆ ದಯವಿಟ್ಟು ಮುಂದೆ ಕಳಿಸಬೇಡಿ.

25 ದಿನ ಆದ ಮೇಲೆ ಫೋನ್ ಮಾಡಿ

ಇದನ್ನ ಮಾತ್ರ ಬಿಡಬೇಡಿ. ಒಂದು ಹಳೇ ಡೈರಿ ಇಟ್ಕೊಳ್ಳಿ, ಹೆಸ್ರು, ಕಟ್ಟಿದ ದಿನ, ಎಷ್ಟು ಕಟ್ಟಿದ್ರು. 25 ದಿನಕ್ಕೆ ನೀವೇ ಫೋನ್ ಮಾಡಿ ಎಷ್ಟು ಚಿಗುರ್ತು ಕೇಳಿ ಬರ್ಕೊಳ್ಳಿ. "ಚೆನ್ನಾಗಿದೆ ಅಣ್ಣ" ಅಂದ್ರೆ ಒಪ್ಪಬೇಡಿ, ಎಣಿಸಿ ಹೇಳಿ ಅನ್ನಿ. ಎಲ್ರದ್ದೂ ಒಂದೇ ಥರ ಕೆಟ್ಟಿದ್ರೆ ಪಾಠದಲ್ಲೇ ಎಲ್ಲೋ ತೂತಿದೆ. ನಮ್ಮಲ್ಲಿ ಒಂದು ಬ್ಯಾಚಿನ ಎಲ್ರದ್ದೂ ಒಣಗಿ ಹೋಗಿತ್ತು, ಹುಡುಕ್ತಾ ಹೋದ್ರೆ ಆ ದಿನ ಬಳ್ಳೀನ ನಾನು ಬೆಳಿಗ್ಗೆ ಆರಕ್ಕೇ ಕಡಿದು ತಂದು ಹನ್ನೊಂದರವರೆಗೂ ಒಣ ಚೀಲದಲ್ಲಿ ಇಟ್ಟಿದ್ದೆ. ಈಗ ಒದ್ದೆ ಗೋಣಿತಾಟು ಸುತ್ತಿ ಇಡ್ತೀನಿ.

ಹತ್ತರಲ್ಲಿ ಆರು ಚಿಗುರಿದೋರಿಗೆ ಒಂದು ಮಾತು ಹೇಳ್ತೀನಿ, ಮುಂದಿನ ವರ್ಷ ನೀವು ಇಬ್ರಿಗೆ ಕಲಿಸಿ, ನನ್ನ ಹತ್ರ ಕಳಿಸಬೇಡಿ. ಎಲ್ರೂ ಮಾಡಲ್ಲ. ಆಲೂರು ಕಡೆಯೋರು ಒಬ್ರು ಅವರ ಮಾವನ ಮನೆ ಹಿತ್ತಲಲ್ಲಿ ಶುರು ಮಾಡಿದಾರೆ ಅಂತ ಕೇಳಿದೆ, ಹೋದ ವರ್ಷ ನಾನೇ ಹೋಗಿ ಹಿಂದಿನ ಬೆಂಚಲ್ಲಿ ಕೂತು ನೋಡ್ಕೊಂಡು ಬಂದೆ. ಬ್ಲೇಡನ್ನ ಡೆಟಾಲ್ ನೀರಲ್ಲಿ ಅದ್ದೋದನ್ನ ನನಗಿಂತ ಚೆನ್ನಾಗಿ ಹೇಳ್ತಾರೆ, ಆದ್ರೆ ಎದುರಿಗೆ ಕೂತು ತೋರಿಸ್ತಾರೆ, ಹೇಳಿ ಬಂದಿದೀನಿ.

ಈ ಸಲ ನಮ್ಮಲ್ಲಿಗೆ ಬರೋರು ಮಳೆ ಕೂತ ಮೇಲಿನ ಎರಡನೇ ಭಾನುವಾರ ಬನ್ನಿ. ಹೊಸ ಬ್ಲೇಡು ಎರಡು, ಕಸಿ ಟೇಪು ಒಂದು ಸುರುಳಿ, ಪೆನ್ಸಿಲ್ ದಪ್ಪದ ಹಿಪ್ಪಲಿ ಹತ್ತು. ಬಳ್ಳಿ ನಮ್ಮ ತೋಟದ್ದೇ ಕೊಡ್ತೀನಿ. ಬಾಳೆಗೊನೆ ತರಬೇಡಿ, ನಮ್ಮನೇಲೇ ಹಣ್ಣಾಗಿ ಕೊಳೀತಿದೆ.